ಯಾವ ಬಿಳಿ

ನಲವತ್ತು ಮನೆಗೂ ಒಂದೇ ಬಣ್ಣ ಬಳಿದವನು ನಾನೇ.
ಗುತ್ತಿಗೆದಾರ ತಂದ ಡಬ್ಬಿ, ಮೇಲೆ ಹಾಲುಕೆನೆ ಅಂತ ಹೆಸರು,
ಹಾಲೂ ಅಲ್ಲ, ಕೆನೆಯೂ ಅಲ್ಲ, ಆಸ್ಪತ್ರೆ ವರಾಂಡದ ಬಣ್ಣ.
ಕತ್ತಲಾದ ಮೇಲೆ ಬಂದವರು ಪಕ್ಕದ ಬಾಗಿಲಿಗೆ ಕೀ ತೂರಿಸಿ,
ಅದು ತಿರುಗದಿದ್ದಾಗ
ತಲೆ ಎತ್ತಿ ನಂಬರು ನೋಡುತ್ತಿದ್ದರು.

ಗುಡ್ಡ ಜಾರಿದ ಮೇಲೆ ಕೊಟ್ಟ ಮನೆಗಳು.
ಆ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.
ನಾನೂ ಇಷ್ಟಕ್ಕೇ ಬಿಡುತ್ತೇನೆ.

ಮೂವತ್ತೆಂಟನೇ ನಂಬರಿನ ದಮಯಂತಕ್ಕ
ಮಾರ್ಚಿಯ ಒಂದು ಸೋಮವಾರ ಸುಂಟಿಕೊಪ್ಪದಲ್ಲಿ ಬಸ್ಸಿಳಿದರು,
ಕೈಯಲ್ಲಿ ಮೂರಂತಸ್ತಿನ ಸ್ಟೀಲು ಬುತ್ತಿ.
"ಹಂಸಣ್ಣ, ಊಟ ಅಲ್ಲ. ಬಣ್ಣ ತಂದಿದ್ದೇನೆ."

ಮೇಲಿನ ಡಬ್ಬಿಯಲ್ಲಿ ಹಾಲುವಾಣ:
ಮೈಯೆಲ್ಲ ಮುಳ್ಳು, ಬೆನ್ನಿಗೆ ಕರಿಮೆಣಸಿನ ಬಳ್ಳಿ,
ಎಲೆ ಉದುರಿಸಿಕೊಂಡು ನಿಂತ ಮರ
ಹೇಗೋ ಹೊರಗೆ ಹಾಕಿದ ಕೆಂಪು.
ನಡುವಿನದರಲ್ಲಿ ಬೇಲಿಯ ಗೊಬ್ಬರದ ಗಿಡದ ಹೂ,
"ಕಡಿದು ಗುಂಡಿಗೆ ಹಾಕುತ್ತಾರೆ. ಆ ನಸುಗೆಂಪು
ಯಾರಾದರೂ ನಿಂತು ನೋಡಿದ್ದಾರಾ?"
ಕೆಳಗೆ, ಒದ್ದೆ ಬಟ್ಟೆಯ ಮಡಿಕೆಯಲ್ಲಿ, ಕಾಫಿ ಹೂ.

ಹೂಮಳೆ ಬಿದ್ದ ಒಂಬತ್ತನೇ ದಿನದ್ದು.
ತೋಟ ಅವರದಲ್ಲ, ಅವರದು ಹೊಳೆಗೆ ಹೋಯಿತು.
ಈಗ ಕೂಲಿಗೆ ಹೋಗುವ ಕಡೆಯದು.
ಒಂದು ರೆಕ್ಕೆ ಅಲುಗಿದರೆ ಎಷ್ಟು ಹಣ್ಣು ಕಮ್ಮಿ
ಅಂತ ಸಾಹುಕಾರರಿಗಿಂತ ಚೆನ್ನಾಗಿ ಗೊತ್ತವರಿಗೆ,
ಅದಕ್ಕೇ ನೆಲಕ್ಕೆ ಬಿದ್ದದ್ದನ್ನಷ್ಟೇ ಆರಿಸಿದ್ದರು.

ಜೋಯಪ್ಪನ ಅಂಗಡಿಯ ಮೆಷಿನ್ನು
ಕೆಂಪನ್ನು ಒಂದೇ ಏಟಿಗೆ ಹೇಳಿತು. ನಸುಗೆಂಪು ಎರಡನೇ ಏಟಿಗೆ.
ಬಿಳಿಯ ಹತ್ತಿರ ಬಂದು ತಡವರಿಸಿತು.
ಹದಿನೇಳು ಬಿಳಿ ತೋರಿಸಿತು ಪರದೆಯ ಮೇಲೆ.
ದಮಯಂತಕ್ಕ ಬಟ್ಟೆ ಬಿಡಿಸಿ ನೋಡಿದರು:
ಬಸ್ಸಿನ ಒಂದು ಗಂಟೆಯಲ್ಲೇ ಹೂವಿನ ಅಂಚು
ಆರಿದ ಟೀ ಆಗಿತ್ತು.
"ಇದಲ್ಲ. ಬೆಳಿಗ್ಗೆ ಆರು ಗಂಟೆಯದ್ದು ಬೇಕು."
"ಆರು ಗಂಟೆಗೆ ಕೋಡಿಲ್ಲ ಅಕ್ಕ," ಅಂದ ಜೋಯಪ್ಪ,
ನಗಲಿಲ್ಲ ಪಾಪ.

ಮಾರನೇ ದಿನ ಆರಕ್ಕೆ ನಾನೇ ಹೋದೆ ತೋಟದ ಅಂಚಿಗೆ,
ಒಂದು ಡಬ್ಬಿ ಪ್ರೈಮರು, ಎರಡು ತೆಂಗಿನ ಚಿಪ್ಪು.
ಮೂವತ್ತು ವರ್ಷ ಬ್ರಷ್ಷು ಹಿಡಿದವನಿಗೆ
ಬಿಳಿ ಅಂದರೆ ಬಣ್ಣ ಶುರುವಾಗುವ ಮುಂಚಿನದು, ಅಷ್ಟೇ ಆಗಿತ್ತು.
ಸಾಲು ಸಾಲು ಗಿಡ, ಮೇಲೆ ಇನ್ನೂ ಏಳದ ಮಂಜು,
ಜೇನು ಆಗಲೇ ಡ್ಯೂಟಿಗೆ ಹಾಜರು.
ಚಿಪ್ಪಿಗೆ ಬಟ್ಟೆಗೆ ಹಾಕುವ ನೀಲಿ ಒಂದು ಹನಿ,
ಹೂವಿನ ಬುಡದ ಹಸಿರು, ಅರ್ಧ ಹನಿ.
ಕಡ್ಡಿಯಲ್ಲಿ ಕಲಸಿ ಹೂವಿನ ಪಕ್ಕ ಹಿಡಿದೆ.
ಮೊದಲ ಚಿಪ್ಪು ಚೆಲ್ಲಿದೆ.
ಎರಡನೆಯದು ನೋಡಿ ದಮಯಂತಕ್ಕ
ಸೆರಗಿನ ತುದಿ ಬಾಯಿಗಿಟ್ಟು ಸುಮ್ಮನಾದರು.

ಅಡುಗೆಮನೆ ಮುಗಿದ ಸಂಜೆ
ಅವರ ಅತ್ತೆ ಗೋಡೆಗೆ ಮೂಗು ತಾಗಿಸಿ
ತುಂಬಾ ಹೊತ್ತು ನಿಂತರು.
"ಬಣ್ಣ ಸರಿ ಉಟ್ಟು. ಪರಿಮಳ ಎಲ್ಲಿ?"
ಅದಕ್ಕೆ ನನ್ನ ಹತ್ತಿರ ಚಿಪ್ಪಿರಲಿಲ್ಲ.

ಜಗುಲಿಗೆ ಹಾಲುವಾಣ ಬಳಿದ ದಿನವೇ
ಎರಡನೇ ಮಳೆ, ಕಾಯಿ ಕಟ್ಟುವ ಮಳೆ, ಹೇಳದೆ ಬಂತು.
ಹಸಿ ಕೆಂಪು ಮೆಟ್ಟಿಲ ಮೇಲೆ ಇಳಿದು ಅಂಗಳಕ್ಕೆ ಹರಿಯಿತು.
ಮಣ್ಣು ಕಲಸಿದ ಕೆಂಪುನೀರು ಇಳಿಜಾರು ಹಿಡಿದದ್ದು ನೋಡುತ್ತ
ಯಾರೂ ಮಾತಾಡಲಿಲ್ಲ ಒಂದು ಗಳಿಗೆ.
ನಾಳೆ ಉಜ್ಜಿ ತೆಗೆಯುತ್ತೇನೆ ಅಂದೆ, ಬಿಟ್ಟಿ.
"ಇರಲಿ," ಅಂದರು. "ಮನೆ ಹುಡುಕಲು ಸುಲಭ."

ಮೂವತ್ತೊಂಬತ್ತರವರು ಈಗ ಕೇಳುತ್ತಿದ್ದಾರೆ
ಸೀತಾಳೆ ದಂಡೆಗೆ ಯಾವ ನಂಬರು ಅಂತ.
ದಮಯಂತಕ್ಕನ ನಡುಮನೆ ಮಾತ್ರ ಇನ್ನೂ ಪ್ರೈಮರಿನಲ್ಲೇ ಇದೆ.
ಅದಕ್ಕೆ ಹಳದಿ ಬೇಕಂತೆ, ಕಕ್ಕೆಯದ್ದೇ ಬೇಕಂತೆ,
ಕಕ್ಕೆ ಇನ್ನೂ ಹಸಿರು ಗುಂಡು ಮೊಗ್ಗು.
"ಬಿಸುವಿನ ಹೊತ್ತಿಗೆ ಬನ್ನಿ," ಅಂದಿದ್ದಾರೆ.
ಬ್ರಷ್ಷು ತೊಳೆದು ಚಿಪ್ಪಿನ ಮೇಲೆ ಅಡ್ಡ ಇಟ್ಟಿದ್ದೇನೆ.
ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ
ಒಂದೊಂದು ಮರಕ್ಕೂ ಕೇಳುತ್ತ ಬರುತ್ತೇನೆ,
ಇನ್ನೆಷ್ಟು ದಿನ.